ಪೋರ್ಟ್ ಕೂರಿಸಿದರೆ ಸಾಲದು, ಫ್ಲಶ್ ಮಾಡುವವರೂ ಬೇಕು

ಅವ್ವನಿಗೆ ಬಲ ಸ್ತನದ ಆಪರೇಶನ್ ಆದಾಗ ಕಂಕುಳಿನ ಗಂಟುಗಳನ್ನೂ ತೆಗೆದಿದ್ದರಿಂದ, ಬಾವು ಬರುವ ಭಯಕ್ಕೆ ಆ ಕೈಗೆ ಸೂಜಿ ಹಾಕುವಂತಿರಲಿಲ್ಲ. ಉಳಿದದ್ದು ಎಡಗೈ ಒಂದೇ. ಮೂರು ಸಲ ಕೆಂಪು ಔಷಧಿ, ಅಂದರೆ ಡಾಕ್ಸೊರುಬಿಸಿನ್, ಹರಿದ ಮೇಲೆ ಅಲ್ಲಿಯ ನರಗಳು ಕಪ್ಪಾಗಿ ಹುರಿಯಂತೆ ಬಿಗಿದಿದ್ದವು. ನಾಲ್ಕನೆಯ ಕೀಮೋ ದಿನ ಆರು ಕಡೆ ಚುಚ್ಚಿದ ಸಿಸ್ಟರ್, "ಯವ್ವಾ, ನರಾನೇ ಸಿಗವಲ್ದು" ಎಂದು ಕೈಚೆಲ್ಲಿದರು. ಪೋರ್ಟ್ ಎಂಬ ಮಾತು ನಮ್ಮ ಕಿವಿಗೆ ಬಿದ್ದದ್ದೇ ಆಗ. ಮೊದಲ ಕೀಮೋಗೆ ಮುಂಚೆಯೇ ಯಾರಾದರೂ ಹೇಳಬಾರದಿತ್ತೇ ಎಂಬ ಸಿಟ್ಟು ನನಗೆ ಇನ್ನೂ ಇದೆ.

ಪೋರ್ಟ್ ಎಂದರೆ ಕಾಲರ್ ಎಲುಬಿನ ಕೆಳಗೆ ಚರ್ಮದಡಿ ಕೂರಿಸುವ, ನಾಣ್ಯದಷ್ಟಗಲದ ಸಣ್ಣ ಡಬ್ಬಿ. ಮೇಲೆ ಸಿಲಿಕಾನ್ ಮುಚ್ಚಳ, ಚರ್ಮದ ಮೂಲಕ ಸೂಜಿ ಚುಚ್ಚುವುದು ಅದಕ್ಕೇ. ಅದರ ನಳಿಕೆ ಕುತ್ತಿಗೆಯ ನರದೊಳಗಿಂದ ಇಳಿದು ಹೃದಯದ ಹತ್ತಿರದ ದೊಡ್ಡ ರಕ್ತನಾಳವನ್ನು ಮುಟ್ಟುತ್ತದೆ. ಅಲ್ಲಿ ರಕ್ತದ ಹರಿವು ಜೋರಾಗಿರುವುದರಿಂದ, ಕೈನರವನ್ನು ಸುಡುವ ಔಷಧಿ ಕೂಡಲೇ ತಿಳಿಯಾಗಿ ಬೆರೆಯುತ್ತದೆ. ಇನ್ನೊಂದು ದಾರಿ ಪಿಕ್ ಲೈನ್, ಅಂದರೆ ತೋಳಿನ ನರದಿಂದ ಹಾಕುವ ಉದ್ದನೆಯ ನಳಿಕೆ; ಅದರ ತುದಿ ಹೊರಗೆ ನೇತಾಡುತ್ತದೆ, ಅದಕ್ಕೆ ವಾರಕ್ಕೊಮ್ಮೆ ಡ್ರೆಸ್ಸಿಂಗ್ ಆಗಬೇಕು. ಕಲಬುರಗಿಯ ಮೇ ತಿಂಗಳ ಬೆವರಿನಲ್ಲಿ ಆ ಪಟ್ಟಿ ಎಷ್ಟು ದಿನ ಅಂಟಿಕೊಂಡೀತು? ಪೋರ್ಟಿನ ಗಾಯ ಮಾಯ್ದ ಮೇಲೆ ಅವ್ವ ನಿಶ್ಚಿಂತೆಯಿಂದ ತಲೆಗೆ ನೀರು ಹಾಕಿಕೊಂಡಳು. ನಾಲ್ಕಾರು ಕೀಮೋ ಮಾತ್ರ ಬೇಕಿದ್ದು, ನರಗಳು ಚೆನ್ನಾಗಿರುವ ಎಲ್ಲರಿಗೂ ಇದು ಬೇಕೆಂದು ನಾನು ಹೇಳುತ್ತಿಲ್ಲ.

ಸೊಲ್ಲಾಪುರ, ಹೈದರಾಬಾದ್ ಎಂದು ಅಲೆಯುತ್ತಿದ್ದ ನಮ್ಮವರಿಗೆ ಕಲಬುರಗಿಯಲ್ಲೇ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಘಟಕ ಇರುವುದು ದೊಡ್ಡ ಆಸರೆ. ಆದರೆ ಕೀಮೋ ಮುಗಿದರೂ ಪೋರ್ಟಿನ ಆರೈಕೆ ಮುಗಿಯುವುದಿಲ್ಲ. ಬಳಸದೆ ಬಿಟ್ಟರೆ ಒಳಗೆ ರಕ್ತ ಹೆಪ್ಪುಗಟ್ಟುತ್ತದೆಂದು, ಸುಮಾರು 4 ವಾರಕ್ಕೊಮ್ಮೆ ಸಲೈನ್ ಮತ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಹಾಕಿ ಫ್ಲಶ್, ಅಂದರೆ ಒಳಗಿನಿಂದ ತೊಳೆಯುವ ಕೆಲಸ, ಮಾಡಿಸಲು ನಮಗೆ ಹೇಳಿದ್ದರು. ಐದು ನಿಮಿಷದ ಆ ಕೆಲಸಕ್ಕೆ ಒಂದು ದಿನದ ಕೂಲಿ, ಇಬ್ಬರ ಬಸ್ ಚಾರ್ಜು. ತೊಗರಿ ರಾಶಿಯ ದಿನಗಳಲ್ಲಿ ಯಾರು ಹೋಗುತ್ತಾರೆ?

ಒಮ್ಮೆ ಊರ ಹತ್ತಿರದ ನರ್ಸಿಂಗ್ ಹೋಮ್ ಒಂದಕ್ಕೆ ಹೋದೆವು. ಅಲ್ಲಿಯ ಹುಡುಗ ಸಾಮಾನ್ಯ ಸೂಜಿ, 2 ಎಂಎಲ್ ಸಿರಿಂಜ್ ಹಿಡಿದು ಬಂದ. ಸಾಮಾನ್ಯ ಸೂಜಿ ಸಿಲಿಕಾನನ್ನು ಕೊರೆದು ತೂತು ಮಾಡುತ್ತದೆ, ಅದಕ್ಕೇ ಹಾಗೆ ಕೊರೆಯದಂಥ ತುದಿಯ ಹ್ಯೂಬರ್ ಸೂಜಿ ಬೇಕು. ಸಣ್ಣ ಸಿರಿಂಜಿನ ಒತ್ತಡಕ್ಕೆ ನಳಿಕೆ ಒಡೆಯಬಹುದು, ಅದಕ್ಕೇ 10 ಎಂಎಲ್. ತಪ್ಪು ಅವನದಲ್ಲ, ಅವನಿಗೆ ಯಾರೂ ಕಲಿಸಿರಲಿಲ್ಲ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಇದನ್ನು ಕಲಿತ ಒಬ್ಬ ಸಿಸ್ಟರ್ ಇರಲಿ, ಫ್ಲಶ್ ಆದ ಮೇಲೆ ಚಳಿಜ್ವರ ಬಂದರೆ ಸೋಂಕಿರಬಹುದೆಂದು ಗುರುತಿಸಿ ಅದೇ ದಿನ ಮುಂದಕ್ಕೆ ಕಳಿಸುವವರಿರಲಿ ಎಂಬುದಷ್ಟೇ ನನ್ನ ಬೇಡಿಕೆ.

ಈಗ ಅವ್ವನ ಫೈಲಿನಲ್ಲಿ ಪೋರ್ಟಿನ ಕಾರ್ಡಿನ ಜೊತೆ ಎರಡು ಹ್ಯೂಬರ್ ಸೂಜಿಗಳನ್ನು ನಾನೇ ಕೊಂಡು ಇಟ್ಟಿದ್ದೇನೆ. ಅವನ್ನು ಹಾಕಬಲ್ಲವರು ನಮ್ಮೂರ ಸುತ್ತ ಇನ್ನೂ ಸಿಕ್ಕಿಲ್ಲ.