ಕೊಳ್ಳಿ ಎನ್ನುವುದಕ್ಕೆ ಕನ್ನಡ, ಷರತ್ತಿಗೆ ಇಂಗ್ಲಿಷ್

ಕಳೆದ ತಿಂಗಳು ತಿಪಟೂರಿನ ಮನೆಗೆ ಹೋಗಿದ್ದಾಗ ಅಮ್ಮ ತಮ್ಮ ಬ್ಯಾಂಕ್ ಪಾಸ್‌ಬುಕ್ಕನ್ನು ತಂದು ನನ್ನ ಮುಂದಿಟ್ಟು, ‘ಇದೇನು ನೋಡು, ನಾನಂತೂ ಯಾರಿಗೂ ದುಡ್ಡು ಕಳಿಸಿಲ್ಲ’ ಎಂದರು. ಮೂರು ತಿಂಗಳಿನಿಂದ ಹೆಚ್ಚುಕಡಿಮೆ ಒಂದೇ ದಿನಾಂಕಕ್ಕೆ 499 ರೂಪಾಯಿ ಅವರ ಖಾತೆಯಿಂದ ಹೋಗಿತ್ತು. ಒಟ್ಟು 1,497 ರೂಪಾಯಿ. ಇದೇನು ಮಹಾ ಮೊತ್ತ ಎನ್ನುವವರು ಇರಬಹುದು. ಅಪ್ಪನ ಪಿಂಚಣಿಯಲ್ಲಿ ಮನೆ ತೂಗಿಸುವ ಅಮ್ಮನಿಗೆ ಅದು ಹತ್ತಿರಹತ್ತಿರ ಒಂದು ತಿಂಗಳ ಹಾಲಿನ ಲೆಕ್ಕ.

ಮೊದಲು ಇದು ಸೈಬರ್ ಕಳ್ಳರ ಕೆಲಸವಿರಬೇಕೆಂದು ಹೆದರಿದೆ. ಅಮ್ಮನ ಫೋನು ತೆಗೆದುಕೊಂಡು ಹಿಂದಿನಿಂದ ಒಂದೊಂದೇ ಹೆಜ್ಜೆ ನೋಡುತ್ತ ಹೋದಾಗ ತಿಳಿದದ್ದು, ಇಲ್ಲಿ ಯಾರೂ ಕನ್ನ ಹಾಕಿಲ್ಲ, ಎಲ್ಲವೂ ಅಮ್ಮನದೇ ಬೆರಳಿನಿಂದ, ಅಮ್ಮನದೇ ಪಿನ್ ಸಂಖ್ಯೆಯಿಂದ ನಡೆದಿದೆ ಎಂದು. ಆರಂಭವಾದದ್ದು ಒಂದು ರೀಲ್‌ನಿಂದ. ನಮ್ಮ ಸೀಮೆಯದೇ ಮಾತಿನ ಧಾಟಿಯ ಒಬ್ಬ ಹೆಣ್ಣುಮಗಳು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು, ತನ್ನ ಅತ್ತೆಯ ಮಂಡಿನೋವು ಈ ಆ್ಯಪ್‌ನಲ್ಲಿ ಹೇಳಿಕೊಡುವ ವ್ಯಾಯಾಮದಿಂದ ಹೇಗೆ ಕಡಿಮೆಯಾಯಿತೆಂದು ಹೇಳುತ್ತಾಳೆ. ಮೊದಲ ವಾರಕ್ಕೆ ಕೇವಲ ಒಂದು ರೂಪಾಯಿ ಎನ್ನುತ್ತಾಳೆ. ಅಮ್ಮ ಲಿಂಕ್ ಒತ್ತಿದ್ದಾರೆ. ಆ್ಯಪ್ ಯಾವ ಭಾಷೆ ಬೇಕೆಂದು ಕೇಳಿದೆ, ಕನ್ನಡ ಆರಿಸಿದ್ದಾರೆ. ಅಲ್ಲಿಂದ ಮುಂದೆ ಪರದೆಯ ಮೇಲೆ ಎಲ್ಲವೂ ಅಚ್ಚ ಕನ್ನಡ: ನಿಮ್ಮ ವಯಸ್ಸೆಷ್ಟು, ನೋವು ಯಾವ ಕಾಲಿನಲ್ಲಿ, ಮೆಟ್ಟಿಲು ಹತ್ತುವಾಗ ಹೆಚ್ಚಾಗುತ್ತದೆಯೇ. ಹಣ ಕಟ್ಟುವ ಪರದೆಯಲ್ಲಿ ಮಾತ್ರ ದೊಡ್ಡ ಹಸಿರು ಗುಂಡಿಯ ಮೇಲೆ ಕನ್ನಡದಲ್ಲಿ ‘ಮುಂದುವರಿಯಿರಿ’ ಎಂದಿದ್ದು, ಅದರ ಕೆಳಗೆ ಬೂದುಬಣ್ಣದ ಸಣ್ಣ ಅಕ್ಷರಗಳಲ್ಲಿ ಇಂಗ್ಲಿಷಿನ ಒಂದೇ ಒಂದು ಸಾಲಿತ್ತು. ಏಳು ದಿನ ಕಳೆದ ಮೇಲೆ ಪ್ರತಿ ತಿಂಗಳೂ 499 ರೂಪಾಯಿ ತಾನಾಗಿಯೇ ಕಡಿತವಾಗುತ್ತದೆ ಎಂಬುದು ಆ ಸಾಲಿನ ಅರ್ಥ. ಅಮ್ಮ ಏಳನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದವರು. ಒಂದು ರೂಪಾಯಿ ಕಟ್ಟುತ್ತಿದ್ದೇನೆಂದುಕೊಂಡು ಒತ್ತಿದ ಪಿನ್, ಪ್ರತಿ ತಿಂಗಳ ಕಡಿತಕ್ಕೆ ಕೊಟ್ಟ ಒಪ್ಪಿಗೆಯಾಗಿಬಿಟ್ಟಿತ್ತು.

ಇದನ್ನು ನಾನು ಇಷ್ಟು ವಿವರವಾಗಿ ಬರೆಯುವುದಕ್ಕೆ ಅಮ್ಮನ ನಷ್ಟದ ಜೊತೆಗೆ ಇನ್ನೊಂದು ಕಾರಣವಿದೆ. ಎಂಟು ವರ್ಷಗಳಿಂದ ನಾನು ಮಾಡುತ್ತಿರುವುದು ಆ್ಯಪ್‌ಗಳ ಮತ್ತು ಜಾಲತಾಣಗಳ ಪಠ್ಯವನ್ನು ಕನ್ನಡಕ್ಕೆ ತರುವ ಕೆಲಸ. ಆ ಹಸಿರು ಗುಂಡಿಯ ಮೇಲಿನ ‘ಮುಂದುವರಿಯಿರಿ’ ನಾನು ಬರೆದದ್ದಲ್ಲ, ಆದರೆ ಅಂಥ ನೂರಾರು ‘ಮುಂದುವರಿಯಿರಿ’ಗಳನ್ನು ನಾನು ಬರೆದಿದ್ದೇನೆ.

ಆನ್‌ಲೈನ್ ವ್ಯಾಪಾರಕ್ಕೆ ಕನ್ನಡ ಬಂದದ್ದು ಹೇಗೆಂದು ನೆನೆದರೆ ಈಗಲೂ ಸಂತೋಷವಾಗುತ್ತದೆ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದಾಗ, ಅಲ್ಲಿಯವರೆಗೆ ಇಂಟರ್ನೆಟ್ಟನ್ನೇ ಮುಟ್ಟಿರದ ಮನೆಗಳು ಒಮ್ಮೆಲೇ ಒಳಗೆ ಬಂದವು. 2017ರಲ್ಲಿ ಗೂಗಲ್ ಮತ್ತು ಸಲಹಾ ಸಂಸ್ಥೆ ಕೆಪಿಎಂಜಿ ಒಟ್ಟಾಗಿ ಹೊರತಂದ ವರದಿಯ ಪ್ರಕಾರ, ಭಾರತೀಯ ಭಾಷೆಗಳಲ್ಲಿ ಇಂಟರ್ನೆಟ್ ಬಳಸುವವರು 2016ರಲ್ಲೇ 23.4 ಕೋಟಿ ಇದ್ದರು, ಇಂಗ್ಲಿಷಿನಲ್ಲಿ ಬಳಸುವವರು 17.5 ಕೋಟಿ. ಅಂಗಡಿಗೆ ಬರುವ ಗಿರಾಕಿಯ ಭಾಷೆ ಯಾವುದೆಂದು ಅಂಕಿಗಳೇ ಹೇಳಿದ ಮೇಲೂ ಕನ್ನಡಕ್ಕೆ ಮೂರು ವರ್ಷ ಕಾಯಬೇಕಾಯಿತು. ಬೆಂಗಳೂರಿನಲ್ಲೇ 2007ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ಕನ್ನಡದಲ್ಲಿ ದೊರೆತದ್ದು 2020ರ ಜೂನ್‌ನಲ್ಲಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಮೆಜಾನ್ ಕೂಡ ಕನ್ನಡಕ್ಕೆ ಬಂತು. ಅದೇ 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾಗಿ, ಜುಲೈನಲ್ಲಿ ಇನ್‌ಸ್ಟಾಗ್ರಾಮ್ ರೀಲ್ಸ್ ಬಂದಾಗ, ಹಳ್ಳಿ ಮತ್ತು ಸಣ್ಣ ಊರುಗಳ ಹುಡುಗ ಹುಡುಗಿಯರು ತಮ್ಮ ಧಾಟಿಯನ್ನೇ ಬಂಡವಾಳ ಮಾಡಿಕೊಂಡು ಅಲ್ಲಿ ನೆಲೆಯೂರಿದರು. ಮಂಡ್ಯದ ಮಾತು, ಹುಬ್ಬಳ್ಳಿಯ ಮಾತು, ಕುಂದಾಪುರದ ಮಾತು, ಟಿವಿ ಜಾಹೀರಾತು ಅಷ್ಟಾಗಿ ಬಳಸಿರದ ಈ ಕನ್ನಡಗಳಿಗೆ ಮೊದಲ ಬಾರಿಗೆ ಮಾರುಕಟ್ಟೆಯಲ್ಲಿ ಬೆಲೆ ಬಂತು.

ಇಳಕಲ್ ಸೀರೆ ಮಾರುವ ಒಬ್ಬ ಮಹಿಳೆಯ ಲೈವ್ ವಿಡಿಯೋಗಳನ್ನು ನಾನು ತಪ್ಪದೆ ನೋಡುತ್ತೇನೆ. ಆಕೆ ಇಳಕಲ್ ಸೀರೆಯ ಗುರುತಾದ ಟೋಪ್ ತೆನಿ ಸೆರಗನ್ನು ಕ್ಯಾಮೆರಾದ ಹತ್ತಿರ ಹಿಡಿದು, ಇದು ರೇಷ್ಮೆ, ಇದು ಅಲ್ಲ, ಇದರ ಬಣ್ಣ ಮೊದಲ ಒಗೆತಕ್ಕೆ ಸ್ವಲ್ಪ ಬಿಡುತ್ತದೆ ಎಂದು ಬಿಡಿಸಿ ಹೇಳುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಪ್ರಶ್ನೆ ಕೇಳಿದರೆ ಧ್ವನಿ ಸಂದೇಶದಲ್ಲಿ ಉತ್ತರ ಬರುತ್ತದೆ. ಕಳೆದ ದೀಪಾವಳಿಗೆ ನಾವು ತರಿಸಿದ ಸೀರೆಯ ಅಂಚಿನಲ್ಲಿ ಒಂದು ಎಳೆ ಬಿಟ್ಟಿತ್ತು. ಫೋಟೋ ಕಳಿಸಿದ ಅರ್ಧ ಗಂಟೆಯಲ್ಲಿ ‘ವಾಪಸ್ ಕಳಸ್ರೀ, ಬ್ಯಾರೆ ಕೊಡ್ತೀನಿ’ ಎಂಬ ಉತ್ತರ ಬಂತು. ಸೀರೆ ಮಾರುವಾಗ ಆಕೆ ಆಡಿದ ಭಾಷೆಯೂ ಸೀರೆ ವಾಪಸು ಪಡೆಯುವಾಗ ಆಡಿದ ಭಾಷೆಯೂ ಒಂದೇ ಆಗಿತ್ತು.

ದೊಡ್ಡ ವೇದಿಕೆಗಳಲ್ಲಿ ಆಗುತ್ತಿಲ್ಲದಿರುವುದು ಇದೇ. ನಮ್ಮ ಕೆಲಸದಲ್ಲಿ ಪರದೆಯ ಮೇಲೆ ಕಾಣುವ ಪ್ರತಿ ಮಾತಿನ ತುಣುಕನ್ನೂ ಸ್ಟ್ರಿಂಗ್ ಎನ್ನುತ್ತಾರೆ. ಅವು ಸಾಲುಸಾಲಾಗಿ ಒಂದು ಹಾಳೆಯಲ್ಲಿ ಬರುತ್ತವೆ, ಪ್ರತಿಯೊಂದರ ಎದುರಿಗೂ ಎಷ್ಟು ಅಕ್ಷರ ಮೀರಬಾರದೆಂಬ ಮಿತಿ ಇರುತ್ತದೆ. ಹಬ್ಬದ ರಿಯಾಯಿತಿಯ ಬ್ಯಾನರು, ‘ಇನ್ನು ಎರಡೇ ಉಳಿದಿವೆ’ ಎಂಬ ಎಚ್ಚರಿಕೆ, ಬುಟ್ಟಿಯಲ್ಲಿ ಬಿಟ್ಟುಹೋದ ವಸ್ತುವನ್ನು ನೆನಪಿಸುವ ಸಂದೇಶ, ಇವೆಲ್ಲ ರಾತ್ರಿ ಹನ್ನೊಂದಕ್ಕೆ ಬಂದರೂ ಬೆಳಗ್ಗೆ ಆರರೊಳಗೆ ಕನ್ನಡದಲ್ಲಿ ಬೇಕು. ಎರಡು ವರ್ಷದ ಹಿಂದೆ ನನಗೆ ಬಂದ ಒಂದು ಹಾಳೆಯಲ್ಲಿ ಸದಸ್ಯತ್ವ ರದ್ದು ಮಾಡುವ ಪರದೆಗಳ ಸಾಲುಗಳೂ ಇದ್ದವು, ಆದರೆ ಅವುಗಳ ಎದುರಿಗೆ ಭಾಷಾಂತರ ಬೇಡ ಎಂದು ಗುರುತು ಹಾಕಲಾಗಿತ್ತು. ಕಾರಣ ಕೇಳಿದೆ. ಆ ಪರದೆಗೆ ಬಜೆಟ್ ಇಲ್ಲ ಎಂಬ ಉತ್ತರ ಬಂತು. ಭಾಷಾಂತರದ ಹಣವನ್ನು ಬಹುತೇಕ ಕಡೆ ಮಾರ್ಕೆಟಿಂಗ್ ವಿಭಾಗವೇ ಕೊಡುತ್ತದೆ. ಕನ್ನಡಕ್ಕೆ ತಂದ ಪ್ರತಿ ಸಾಲೂ ಎಷ್ಟು ಮಾರಾಟ ತಂದಿತೆಂದು ಅಳೆಯುತ್ತಾರೆ. ಆ ಅಳತೆಗೋಲಿನಲ್ಲಿ ‘ನನಗೆ ಬೇಡ’ ಎಂಬ ಮಾತಿನ ಕನ್ನಡಕ್ಕೆ ಬೆಲೆ ಸೊನ್ನೆ. ಯಾರೋ ಒಬ್ಬರು ಕೂತು ಜನರಿಗೆ ಮೋಸ ಮಾಡೋಣವೆಂದು ಯೋಚಿಸಿದ್ದಾರೆಂದು ನಾನು ಹೇಳುತ್ತಿಲ್ಲ. ಲೆಕ್ಕದ ಪದ್ಧತಿಯೇ ಹೀಗಿರುವುದರಿಂದ, ಯಾರೂ ಯೋಚಿಸದಿದ್ದರೂ ಪರಿಣಾಮ ಮೋಸದ್ದೇ ಆಗುತ್ತದೆ.

ಕಾನೂನು ಈ ವಿಷಯದಲ್ಲಿ ಸುಮ್ಮನಿಲ್ಲ. ಗ್ರಾಹಕರ ಕಣ್ಣಿಗೆ ಮಣ್ಣೆರಚುವ ವಿನ್ಯಾಸಗಳನ್ನು ಡಾರ್ಕ್ ಪ್ಯಾಟರ್ನ್ ಎನ್ನುತ್ತಾರೆ. 2010ರಲ್ಲಿ ಈ ಹೆಸರು ಕೊಟ್ಟವರು ಬ್ರಿಟನ್ನಿನ ವಿನ್ಯಾಸ ತಜ್ಞ ಹ್ಯಾರಿ ಬ್ರಿಗ್ನಲ್. ನಾನು ಇದನ್ನು ಕಣ್ಕಟ್ಟು ವಿನ್ಯಾಸ ಎಂದು ಕರೆಯುತ್ತೇನೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಥ 13 ಬಗೆಗಳನ್ನು ಹೆಸರಿಸಿ ನಿಷೇಧಿಸಿದೆ. ಸುಳ್ಳು ತುರ್ತು, ಕೇಳದೆ ಬುಟ್ಟಿಗೆ ತುರುಕುವುದು, ಚಂದಾ ಬಲೆ, ಕೊನೆಯ ಪರದೆಯವರೆಗೆ ನಿಜವಾದ ಬೆಲೆ ಮುಚ್ಚಿಡುವುದು, ಬೇಡ ಎಂದವರನ್ನು ನಾಚಿಸುವುದು, ಎಲ್ಲವೂ ಅದರಲ್ಲಿವೆ. ನಾಚಿಸುವುದಕ್ಕೆ ಮಾರ್ಗಸೂಚಿ ಕೊಡುವ ಉದಾಹರಣೆ, ವಿಮಾನ ಟಿಕೆಟಿನ ಜೊತೆ ವಿಮೆ ಬೇಡವೆಂದವರಿಂದ ‘ನಾನು ಅಸುರಕ್ಷಿತವಾಗಿಯೇ ಇರುತ್ತೇನೆ’ ಎಂದು ಒತ್ತಿಸಿಕೊಳ್ಳುವುದು. ಅಮ್ಮನ ಆ್ಯಪ್‌ನಲ್ಲಿ ಚಂದಾ ರದ್ದು ಮಾಡಲು ಹೊರಟಾಗ ನಾಲ್ಕನೆಯ ಪರದೆಯಲ್ಲಿ ನನಗೆ ಸಿಕ್ಕ ಗುಂಡಿಯ ಮೇಲೆ ‘ನನ್ನ ಆರೋಗ್ಯದ ಚಿಂತೆ ನನಗಿಲ್ಲ’ ಎಂಬ ಅರ್ಥದ್ದೇ ಒಂದು ಇಂಗ್ಲಿಷ್ ಸಾಲಿತ್ತು. ಅದನ್ನು ಒತ್ತಿದರೆ ಮಾತ್ರ ಬಿಡುಗಡೆ. ಅದು ಬಿಡುಗಡೆಯ ಗುಂಡಿ ಎಂಬುದು ಅಮ್ಮನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ಆ 13ರಲ್ಲಿ ಒಂದರ ಹೆಸರು ಟ್ರಿಕ್ ಕ್ವೆಶ್ಚನ್, ಅಂದರೆ ಬೇಕೆಂದೇ ಗೊಂದಲದ, ಅಸ್ಪಷ್ಟ ಭಾಷೆ ಬಳಸಿ ಗ್ರಾಹಕರ ದಾರಿ ತಪ್ಪಿಸುವುದು. ನನ್ನ ವಾದವೆಲ್ಲ ಇದರ ಸುತ್ತಲೇ ಇದೆ. ಎರಡು ನಿಷೇಧಾರ್ಥಗಳನ್ನು ಪೋಣಿಸಿ ತೊಡಕಾದ ವಾಕ್ಯ ಬರೆದರೆ ಅದು ಗೊಂದಲದ ಭಾಷೆ ಎನ್ನುವುದಾದರೆ, ಹದಿನೈದು ಪರದೆಗಳವರೆಗೆ ಕನ್ನಡದಲ್ಲಿ ಕೈಹಿಡಿದು ನಡೆಸಿಕೊಂಡು ಬಂದು ಹದಿನಾರನೆಯದರಲ್ಲಿ, ಹಣ ಕೀಳುವ ಒಂದೇ ಸಾಲನ್ನು ಆಕೆ ಓದಲಾರದ ಭಾಷೆಯಲ್ಲಿ ಬರೆಯುವುದು ಗೊಂದಲದ ಭಾಷೆ ಹೇಗಲ್ಲ? ಗ್ರಾಹಕಿ ತನಗೆ ಕನ್ನಡ ಬೇಕೆಂದು ಆರಿಸಿದ್ದಾಳೆ. ಆ ಆಯ್ಕೆ ಕಂಪನಿಯ ಸರ್ವರಿನಲ್ಲಿ ದಾಖಲಾಗಿದೆ. ಆಮೇಲೂ ಷರತ್ತು ಇಂಗ್ಲಿಷಿನಲ್ಲಿ ಬಂದರೆ ಅದನ್ನು ಮರೆವು ಎನ್ನಲು ನನ್ನಿಂದಾಗದು.

ಬೇರೆ ನಿಯಮಗಳು ಈ ತತ್ವವನ್ನು ಆಗಲೇ ಒಪ್ಪಿವೆ. 2023ರ ಜನವರಿಯಲ್ಲಿ ಇನ್‌ಫ್ಲುಯೆನ್ಸರ್‌ಗಳಿಗಾಗಿ ಕೇಂದ್ರ ಸರ್ಕಾರ ಪ್ರಕಟಿಸಿದ ಸೂಚನೆಗಳ ಪ್ರಕಾರ, ಇದು ಹಣ ಪಡೆದ ಪ್ರಚಾರ ಎಂಬ ಘೋಷಣೆ ಪ್ರಚಾರದ ಭಾಷೆಯಲ್ಲೇ ಇರಬೇಕು. ವಿಡಿಯೋ ಆಗಿದ್ದರೆ ಮಾತಿನಲ್ಲೂ ಹೇಳಬೇಕು, ಪರದೆಯಲ್ಲೂ ತೋರಿಸಬೇಕು. ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಬಾರಿ 10 ಲಕ್ಷದವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ. ಅಮ್ಮ ನೋಡಿದ ರೀಲ್‌ನಲ್ಲಿ ಆ ಹೆಣ್ಣುಮಗಳು ಒಂದು ನಿಮಿಷ ಕನ್ನಡದಲ್ಲಿ ಮಾತನಾಡಿದ್ದಾಳೆ. ಹಣ ಪಡೆದಿರುವ ಸಂಗತಿ ಮಾತ್ರ ಹೆಸರಿನ ಕೆಳಗೆ ಎರಡು ಇಂಗ್ಲಿಷ್ ಪದಗಳಲ್ಲಿದೆ. ಅದು ಜಾಹೀರಾತು ಎಂದು ನಾನು ಹೇಳಿದಾಗ ಅಮ್ಮ ಕೆಲಹೊತ್ತು ಮಾತನಾಡಲಿಲ್ಲ. ಆಮೇಲೆ, ‘ಅವಳ ಅತ್ತೆಗೆ ಮಂಡಿನೋವೇ ಇಲ್ಲವಾ ಹಾಗಾದರೆ?’ ಎಂದು ಕೇಳಿದರು. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ, ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಜನರಿಗಿರಬೇಕು ಎನ್ನುತ್ತದೆ. ನಮ್ಮ ಮಾಹಿತಿ ಕೇಳುವಾಗ ಕನ್ನಡ ಬೇಕು ಎಂದಾದರೆ ನಮ್ಮ ಹಣ ಕೇಳುವಾಗಲೂ ಬೇಕು.

ಹಣದ ವಿಷಯದಲ್ಲಿ ರಿಸರ್ವ್ ಬ್ಯಾಂಕಿನ ನಿಯಮವೊಂದಿದೆ: ಬಹುತೇಕ ಎಲ್ಲ ಆಟೋಪೇ (ತಾನಾಗಿಯೇ ಆಗುವ) ಕಡಿತಗಳಿಗೂ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಕೊಡಬೇಕು. ಒಮ್ಮೆ ಒಪ್ಪಿಗೆ ಕೊಟ್ಟ ಮೇಲೆ ಸಾಮಾನ್ಯವಾಗಿ 15,000 ರೂಪಾಯಿವರೆಗಿನ ಕಡಿತಕ್ಕೆ ಮತ್ತೆ ಪಿನ್ ಬೇಕಿಲ್ಲವಾದ್ದರಿಂದ, ಈ ಸೂಚನೆಯೇ ಗ್ರಾಹಕರಿಗಿರುವ ಏಕೈಕ ಕಾವಲು. ಅಮ್ಮನಿಗೆ ಮೂರೂ ಸಲ ಸಂದೇಶ ಬಂದಿತ್ತು. ಮೂರೂ ಇಂಗ್ಲಿಷಿನಲ್ಲಿದ್ದವು, ಬ್ಯಾಂಕಿನ ಉಳಿದ ನೂರಾರು ಸಂದೇಶಗಳ ನಡುವೆ ತೆರೆಯದೆ ಬಿದ್ದಿದ್ದವು.

ಕಾನೂನಿನ ಪಠ್ಯವನ್ನು ಕನ್ನಡಕ್ಕೆ ತರುವುದು ಕಷ್ಟ, ತಪ್ಪಾದರೆ ಕೋರ್ಟಿನಲ್ಲಿ ತೊಂದರೆ ಎಂಬ ಮಾತನ್ನು ಸಭೆಗಳಲ್ಲಿ ಕೇಳಿದ್ದೇನೆ. ನಲವತ್ತು ಪುಟಗಳ ಕರಾರನ್ನು ಯಾರೂ ಕೇಳುತ್ತಿಲ್ಲ. ಅದನ್ನು ಇಂಗ್ಲಿಷ್ ಬಲ್ಲವರೂ ಓದುವುದಿಲ್ಲ. ಬೇಕಾದದ್ದು ಇಷ್ಟೇ: ‘ಇಂದು 1 ರೂಪಾಯಿ. ಏಳು ದಿನಗಳ ನಂತರ ಪ್ರತಿ ತಿಂಗಳೂ 499 ರೂಪಾಯಿ ನಿಮ್ಮ ಖಾತೆಯಿಂದ ತಾನಾಗಿಯೇ ಕಡಿತವಾಗುತ್ತದೆ. ಬೇಡವಾದರೆ ಇಲ್ಲಿ ಒತ್ತಿ.’ ಇದನ್ನು ಬರೆಯಲು ನನಗೆ ಎರಡು ನಿಮಿಷ ಹಿಡಿಯಿತು. ಖರ್ಚಿನ ನೆಪವೂ ಈಗ ಉಳಿದಿಲ್ಲ. ಒಂದೆರಡು ವರ್ಷಗಳಿಂದ ಮಾರುಕಟ್ಟೆಯಲ್ಲಿ ಎಲ್ಲಕ್ಕಿಂತ ವೇಗವಾಗಿ ಹಬ್ಬುತ್ತಿರುವುದು ಯಂತ್ರದ ಕನ್ನಡ. ಜಾಹೀರಾತಿಗೆ ಕೃತಕ ಬುದ್ಧಿಮತ್ತೆ ಕನ್ನಡದ ದನಿ ಕೊಡುತ್ತದೆ, ಸಾಲ ಬೇಕೇ ಎಂದು ಫೋನಿನಲ್ಲಿ ಕೇಳುವ ಹೆಣ್ಣುದನಿಯೂ ಎಷ್ಟೋ ಸಲ ಯಂತ್ರದ್ದೇ, ಸರಕಿನ ವಿವರಣೆಗಳನ್ನಂತೂ ಯಂತ್ರ ರಾಶಿರಾಶಿಯಾಗಿ ಅನುವಾದಿಸಿ ಸುರಿಯುತ್ತಿದೆ. ಹಗುರವಾದ (ಲೈಟ್‌ವೇಟ್) ಚಪ್ಪಲಿಯನ್ನು ‘ಬೆಳಕಿನ ತೂಕದ ಚಪ್ಪಲಿ’ ಎಂದು ಬರೆದದ್ದನ್ನು ನಾನು ತಿದ್ದಿದ್ದೇನೆ. ತಪ್ಪುಗಳಿವೆ, ತಿದ್ದುವವರು ಬೇಕು. ಆದರೆ ಲಕ್ಷ ಚಪ್ಪಲಿಗಳ ವಿವರಣೆಯನ್ನು ಒಂದು ರಾತ್ರಿಯಲ್ಲಿ ಕನ್ನಡಕ್ಕೆ ತರಬಲ್ಲವರು ಮೂರು ವಾಕ್ಯಗಳ ಷರತ್ತನ್ನು ತರಲಾರೆವು ಎಂದರೆ ನಾನು ನಂಬುವುದಿಲ್ಲ.

2025ರ ಜೂನ್‌ನಲ್ಲಿ ಪ್ರಾಧಿಕಾರವು ಇ-ಕಾಮರ್ಸ್ ವೇದಿಕೆಗಳಿಗೆ ತಮ್ಮ ಜಾಲತಾಣಗಳಲ್ಲಿ ಇಂಥ ಕಣ್ಕಟ್ಟುಗಳಿವೆಯೇ ಎಂದು ಮೂರು ತಿಂಗಳೊಳಗೆ ತಾವೇ ಪರಿಶೀಲಿಸಿಕೊಳ್ಳುವಂತೆ ಸಲಹೆ ಕೊಟ್ಟಿತು. ಆ ಪರಿಶೀಲನೆಯನ್ನು ಪ್ರತಿ ಭಾಷೆಯ ಆವೃತ್ತಿಗೂ ಬೇರೆಬೇರೆಯಾಗಿ ಮಾಡಬೇಕು ಎಂಬುದು ನನ್ನ ಒತ್ತಾಯ. ಇಂಗ್ಲಿಷಿನಲ್ಲಿ ನಿಷ್ಕಳಂಕವಾಗಿ ಕಾಣುವ ಪರದೆ ಕನ್ನಡದ ಆವೃತ್ತಿಯಲ್ಲಿ ಬಲೆಯಾಗಬಹುದು ಎಂಬುದಕ್ಕೆ ಅಮ್ಮನ ಪಾಸ್‌ಬುಕ್ಕೇ ಸಾಕ್ಷಿ.

ಆ ದಿನ ಅಮ್ಮನ ಯುಪಿಐ ಆ್ಯಪ್‌ನ ಆಟೋಪೇ ಪಟ್ಟಿಗೆ ಹೋಗಿ ಒಪ್ಪಿಗೆಯನ್ನು ರದ್ದು ಮಾಡಿದೆ. ನಿಮ್ಮ ಮನೆಯ ಹಿರಿಯರ ಫೋನಿನಲ್ಲೂ ಆ ಪಟ್ಟಿಯನ್ನು ದಯವಿಟ್ಟು ಇವತ್ತೇ ತೆರೆದು ನೋಡಿ. ಕಂಪನಿಯ ಕುಂದುಕೊರತೆ ಅಧಿಕಾರಿಗೆ ಅಮ್ಮನ ಹೆಸರಿನಲ್ಲಿ ಕನ್ನಡದಲ್ಲೇ ಪತ್ರ ಬರೆದೆವು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದ್ದಕ್ಕೆ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಸ್ವೀಕೃತಿ ಇಂಗ್ಲಿಷಿನಲ್ಲಿ ಬಂತು. ಹನ್ನೊಂದನೆಯ ದಿನ 499 ರೂಪಾಯಿ, ಒಂದು ತಿಂಗಳದ್ದು ಮಾತ್ರ, ಮರಳಿ ಬಂತು. ಉಳಿದ ಎರಡು ತಿಂಗಳ ಹಣಕ್ಕಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಅಮ್ಮನೇ ಕರೆ ಮಾಡಿದರು. ಆ ಸಹಾಯವಾಣಿ 17 ಭಾಷೆಗಳಲ್ಲಿ ಕೆಲಸ ಮಾಡುತ್ತದೆ, ಕನ್ನಡವೂ ಅದರಲ್ಲಿದೆ. ರೀಲ್ ನೋಡಿದ್ದರಿಂದ ಹಿಡಿದು ಪಾಸ್‌ಬುಕ್ಕಿನವರೆಗೆ ಅಮ್ಮ ಇಡೀ ಕಥೆಯನ್ನು ತಮ್ಮ ಮಾತಿನಲ್ಲೇ ಹೇಳಿದರು, ಆ ಕಡೆಯವರು ಕೇಳಿ ಬರೆದುಕೊಂಡರು. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ. ಕಂಪನಿ ಎಲ್ಲೇ ಇರಲಿ, ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, 5 ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವೂ ಇಲ್ಲ.

ನಿಮ್ಮ ಫೋನಿನಲ್ಲಿ ಕನ್ನಡದಲ್ಲಿ ಶುರುವಾಗಿ ಹಣದ ಹತ್ತಿರ ಬಂದೊಡನೆ ಇಂಗ್ಲಿಷಿಗೆ ತಿರುಗುವ ಪರದೆಗಳು ಕಂಡರೆ, ನಿಮ್ಮ ಹೆಸರು ಮತ್ತು ಖಾತೆಯ ವಿವರ ಮುಚ್ಚಿ, ಅವುಗಳ ಸ್ಕ್ರೀನ್‌ಶಾಟ್ ಕಾಮೆಂಟಿನಲ್ಲಿ ಹಾಕಿ. ಪ್ರತಿಯೊಂದರ ಪಕ್ಕದಲ್ಲೂ ಆ ಸಾಲು ಕನ್ನಡದಲ್ಲಿ ಹೇಗಿರಬಹುದಿತ್ತೆಂದು ನಾನು ಬರೆಯುತ್ತೇನೆ. ಐವತ್ತು ಸೇರಿದೊಡನೆ ಎಲ್ಲವನ್ನೂ ಒಟ್ಟುಮಾಡಿ ಪ್ರಾಧಿಕಾರಕ್ಕೆ ಕಳಿಸುತ್ತೇನೆ. ಮೊದಲನೆಯದು ಅಮ್ಮನ ಫೋನಿನದು, ಕೆಳಗೆ ಹಾಕಿದ್ದೇನೆ.