ದಪ್ಪ ಆಯಿಲ್ ಹಾಕಿದರೆ ಸೋರಿಕೆ ನಿಲ್ಲುತ್ತದೆಯೇ?

ಹಳೇ ಎಂಜಿನ್ ಸೋರುತ್ತಿದ್ದರೆ ದಪ್ಪ ಆಯಿಲ್ ಹಾಕಿ, ಸೋರಿಕೆ ನಿಂತೇ ಹೋಗುತ್ತದೆ ಅನ್ನುವ ಮೆಸೇಜು ವಾಟ್ಸಾಪ್‌ನಲ್ಲಿ ಆಗಾಗ ಬರುತ್ತಿರುತ್ತದೆ. ಕೊಪ್ಪಳ ಜಿಲ್ಲೆಯ ಮುನಿರಾಬಾದ್ ಕಡೆ ತುಂಗಭದ್ರಾ ಹಿನ್ನೀರಿನಲ್ಲಿ ಡೀಸೆಲ್ ಬೋಟ್ ಬಿಡುವವರು ಇದನ್ನು ನಂಬಿದರೆ ಆಶ್ಚರ್ಯವಿಲ್ಲ. ಎರಡು ದಿನ ತೊಟ್ಟಿಕ್ಕುವುದು ಕಡಿಮೆಯಾದ ಹಾಗೆ ಕಾಣುತ್ತದೆ.

ಆದರೆ ಅದು ರಿಪೇರಿ ಅಲ್ಲ. ಆಯಿಲ್ ಹೊರಬರದಂತೆ ತಡೆಯುವ ಸೀಲಿನ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿರಬಹುದು, ಎರಡು ಭಾಗ ಕೂಡುವ ಕಡೆ ಇಡುವ ಗ್ಯಾಸ್ಕೆಟ್ ಹಾಳಾಗಿರಬಹುದು, ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪ್ ಕಟ್ಟಿಕೊಂಡು ಒಳಗೆ ಒತ್ತಡ ಜಾಸ್ತಿಯಾಗಿರಬಹುದು. ದಪ್ಪ ಆಯಿಲ್ ಇದ್ಯಾವುದನ್ನೂ ಸರಿ ಮಾಡುವುದಿಲ್ಲ. ಮೇಲಾಗಿ, ಬೆಳಿಗ್ಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದಾಗ ಅದು ಬೇರಿಂಗಿಗೆ ತಡವಾಗಿ ಮುಟ್ಟುತ್ತದೆ.

ನೀವೇ ನೋಡಿಕೊಳ್ಳಬಹುದು. ಎಂಜಿನ್ ಆರಿದ ಮೇಲೆ ಚೆನ್ನಾಗಿ ಒರೆಸಿ ಒಣಗಿಸಿ. ಅನುಮಾನ ಇರುವ ಕಡೆ ಟಾಲ್ಕಂ ಪೌಡರ್ ಉದುರಿಸಿ, ಹತ್ತು ನಿಮಿಷ ಓಡಿಸಿ. ನಿಲ್ಲಿಸಿ ಟಾರ್ಚ್ ಬಿಡಿ. ಬಿಳಿ ಪುಡಿಯಲ್ಲಿ ಕಪ್ಪು ಗೆರೆ ಎಲ್ಲಿಂದ ಶುರುವಾಗಿದೆಯೋ ಅಲ್ಲೇ ಸೋರಿಕೆ. ತೊಟ್ಟಿಕ್ಕುವ ಜಾಗ ನೋಡಿ ಮೋಸ ಹೋಗಬೇಡಿ, ಆಯಿಲ್ ಮೇಲಿನಿಂದ ಇಳಿದು ಬಂದಿರುತ್ತದೆ.

ಆಯಿಲ್ ಡಬ್ಬಿಯ ಮೇಲಿನ 15ಡಬ್ಲ್ಯು-40 ಥರದ ನಂಬರೇ ಗ್ರೇಡ್, ಅಂದರೆ ಆಯಿಲ್ ಎಷ್ಟು ದಪ್ಪ ಅನ್ನುವ ಗುರುತು; ಅದನ್ನು ಎಂಜಿನ್ ಜೊತೆ ಬಂದ ಪುಸ್ತಕದಲ್ಲಿ ಹುಡುಕಿ. ಯಾವ ಎಂಜಿನ್, ಯಾವ ಗ್ರೇಡ್ ಅಂತಲೇ ಹೇಳದ ಮೆಸೇಜನ್ನು ಸುಮ್ನೆ ನಂಬಬಾರದು, ಅಲ್ವಾ? ಬೋಟಿನ ತಳದಲ್ಲಿ ನಿಂತ ಆಯಿಲ್ ನೀರನ್ನು ಮಾತ್ರ ದಯವಿಟ್ಟು ಹೊಳೆಗೆ ಚೆಲ್ಲಬೇಡಿ. ಕ್ಯಾನಿಗೆ ತುಂಬಿ ದಂಡೆಗೆ ತನ್ನಿ.