ಚೀನಾದ ಪಾಸ್ಟರ್ ಆದರೆ ಅಯ್ಯೋ ಪಾಪ, ನಮ್ಮೂರ ಪಾಸ್ಟರ್ ಆದರೆ ಒಳಗೆ ಹಾಕಿ

ನಿನ್ನೆ ಮದ್ದೂರಿನ ಹತ್ತಿರ ಬೀಗರ ಊಟಕ್ಕೆ ಹೋಗಿದ್ದೆ. ಮುದ್ದೆ ಚೆನ್ನಾಗಿತ್ತು, ಸಾರು ಇನ್ನೂ ಚೆನ್ನಾಗಿತ್ತು. ಪಕ್ಕದ ಎಲೆಗೆ ಕೂತಿದ್ದ ನಮ್ಮ ಚಿಕ್ಕಪ್ಪನ ಮಗ ಮಾತ್ರ ಊಟ ಕೆಡಿಸಿದ.

ಬಲಗೈಯಲ್ಲಿ ಮುದ್ದೆ, ಎಡಗೈಯಲ್ಲಿ ಮೊಬೈಲು. ಚೀನಾದಲ್ಲಿ ಪಾಸ್ಟರ್‌ಗಳನ್ನು ಜೈಲಿಗೆ ಹಾಕಿದ್ದರ ಬಗ್ಗೆ ಏನೋ ವಿಡಿಯೊ ನೋಡುತ್ತಿದ್ದ. "ನೋಡಕ್ಕ, ಮನೇಲಿ ಕೂತು ಪ್ರಾರ್ಥನೆ ಮಾಡುದ್ರೂ ಹಿಡ್ಕೊಂಡೋಯ್ತಾರಂತೆ. ಅಯ್ಯೋ ಪಾಪ. ಇದೇ ಕಣಕ್ಕ ಕಮ್ಯುನಿಸ್ಟರ ಬುದ್ಧಿ" ಅಂದ. ಹೌದು ಕಣಪ್ಪ ಅಂದೆ. ನಿಜ ತಾನೇ. ಎರಡನೇ ಮುದ್ದೆ ಬರುವಷ್ಟರಲ್ಲಿ ಮಾತು ಅವನ ಊರಿಗೆ ಬಂತು. ಅವರ ಬೀದಿಯ ಕೊನೇ ಮನೆಯಲ್ಲಿ ಭಾನುವಾರ ಒಂದಷ್ಟು ಜನ ಸೇರಿ ಪ್ರಾರ್ಥನೆ ಮಾಡುತ್ತಾರಂತೆ. ಪಾಸ್ಟರ್ ಒಬ್ಬ ಬೈಕಿನಲ್ಲಿ ಬಂದು ಹೋಗುತ್ತಾನಂತೆ. "ಅವನ್ನ ಒಂದಿನ ಹಿಡಿಸಿ ಒಳಿಕ್ಕೆ ಹಾಕುಸ್ಬೇಕು ಕಣಕ್ಕ" ಅಂದ. ಹೇಳಿ, ಮೂಳೆ ಚೀಪಿದ.

ನಾನು ಅವನ ಮುಖವನ್ನೇ ನೋಡಿದೆ. ತಮಾಷೆ ಅಂದುಕೊಂಡೆ. ಇಲ್ಲ, ಸೀರಿಯಸ್ಸಾಗೇ ಹೇಳಿದ್ದ.

ನಿಮಗೆಲ್ಲ ಗೊತ್ತು, ನಾನು ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿ ರಿಟೈರ್ ಆದವಳು. ಚಾರ್ಜ್‌ಶೀಟ್ ನೋಡಿ ನೋಡಿ ಕಣ್ಣು ಮಂಜಾಗಿದೆ. ಹಾಗಾಗಿ ಎಲ್ಲಿ ಯಾರನ್ನು ಹಿಡಿದರು ಅಂದರೂ ನನಗೆ ಮೊದಲು ಬರುವ ಪ್ರಶ್ನೆ, ಯಾವ ಸೆಕ್ಷನ್ ಹಾಕಿದ್ದಾರೆ ಅಂತ. ಇಷ್ಟು ವರ್ಷ ಪೇಪರ್ ಓದಿದ್ದರಲ್ಲಿ ನಾನು ಕಂಡಿದ್ದು ಇದು: 'ಪ್ರಾರ್ಥನೆ ಮಾಡಿದ' ಅಂತ ಯಾವ ಸರ್ಕಾರವೂ ಸಾಮಾನ್ಯವಾಗಿ ಬರೆಯುವುದಿಲ್ಲ. ಬೇರೆ ಏನಾದರೂ ಬರೆಯುತ್ತದೆ.

ನಮ್ಮ ಹುಡುಗ ನೋಡುತ್ತಿದ್ದ ಚೀನಾದ ವಿಷಯವನ್ನೇ ತಗೊಳ್ಳಿ. ಬೀಜಿಂಗ್‌ನ ಝಯಾನ್ ಚರ್ಚ್ ಅಂತ. 2007ರಲ್ಲಿ ಜಿನ್ ಮಿಂಗ್ರಿ ಅನ್ನುವ ಪಾಸ್ಟರ್ ಶುರು ಮಾಡಿದ್ದು. ಸರ್ಕಾರ ಒಪ್ಪಿದ ಸಂಘಕ್ಕೆ ಸೇರಲಿಲ್ಲ. 2018ರಲ್ಲಿ ಚರ್ಚಿನೊಳಗೆ ಕ್ಯಾಮೆರಾ ಹಾಕಿಸಿ ಅಂದರು, ಇವರು ಆಗಲ್ಲ ಅಂದರು, ಚರ್ಚಿಗೆ ಬೀಗ ಬಿತ್ತು. ಆಮೇಲೆ ಆನ್‌ಲೈನ್‌ನಲ್ಲಿ, ಮನೆಗಳಲ್ಲಿ ಆರಾಧನೆ ನಡೆಯಿತು. 2025ರ ಅಕ್ಟೋಬರ್‌ನಲ್ಲಿ ಪಾಸ್ಟರನ್ನೂ ಜೊತೆಯವರನ್ನೂ ಬೇರೆ ಬೇರೆ ಊರುಗಳಿಂದ ಹಿಡಿದುಕೊಂಡು ಹೋದರು. ಆಪಾದನೆ ಏನು? ಇಂಟರ್‌ನೆಟ್ಟನ್ನು ಅಕ್ರಮವಾಗಿ ಬಳಸಿದ್ದು! ಅದಕ್ಕೂ ಮುಂಚೆ ಚೆಂಗ್ಡುವಿನ ವಾಂಗ್ ಯಿ. ಕಾನೂನು ಪಾಠ ಹೇಳುತ್ತಿದ್ದ ಮನುಷ್ಯ, ಆಮೇಲೆ ಪಾಸ್ಟರ್ ಆದವರು. 2018ರ ಡಿಸೆಂಬರ್‌ನಲ್ಲಿ ಹಿಡಿದರು, ಮುಂದಿನ ಡಿಸೆಂಬರ್‌ನಲ್ಲಿ 9 ವರ್ಷ ಶಿಕ್ಷೆ. ಸರ್ಕಾರ ಬುಡಮೇಲು ಮಾಡಲು ಪ್ರಚೋದನೆ, ಜೊತೆಗೆ ಅಕ್ರಮ ವ್ಯಾಪಾರ ಅಂತ. ಪಾಸ್ಟರ್‌ಗೆ ಅಕ್ರಮ ವ್ಯಾಪಾರದ ಸೆಕ್ಷನ್!

ಇರಾನ್ ಇನ್ನೂ ಜಾಣ. ಅಲ್ಲಿ ಅರ್ಮೇನಿಯನ್ನರಿಗೆ, ಅಸ್ಸೀರಿಯನ್ನರಿಗೆ ಅವರದೇ ಚರ್ಚುಗಳಿವೆ, ಅವರವರ ಭಾಷೆಯಲ್ಲಿ ಪ್ರಾರ್ಥನೆ ಮಾಡಿಕೊಳ್ಳಬಹುದು. ಅಲ್ಲಿನ ಮುಸ್ಲಿಮರಿಗೆ ಅರ್ಥವಾಗುವ ಫಾರ್ಸಿ (ಪರ್ಷಿಯನ್) ಭಾಷೆಯಲ್ಲಿ ಮಾಡಿದರೆ ಮಾತ್ರ ತೊಂದರೆ. ಯೂಸೆಫ್ ನದರ್ಖಾನಿ ಅನ್ನುವ ಪಾಸ್ಟರ್‌ಗೆ 2010ರಲ್ಲಿ ಇಸ್ಲಾಂ ಬಿಟ್ಟ ಅಂತ ಮರಣದಂಡನೆ ಹಾಕಿದರು. ಪ್ರಪಂಚವೆಲ್ಲ ಬೊಬ್ಬೆ ಹೊಡೆದ ಮೇಲೆ 2012ರಲ್ಲಿ ಅದರಿಂದ ಬಿಟ್ಟರು. ಆ ಸೆಕ್ಷನ್ ಹಾಕಿದರೆ ಪ್ರಪಂಚ ಕೂಗಾಡುತ್ತದೆ ಅಂತ ಗೊತ್ತಾಯಿತಲ್ಲ, ಮುಂದಿನ ಸಲ ದೇಶದ ಭದ್ರತೆಗೆ ಧಕ್ಕೆ ಅಂತ ಬರೆದರು. ಮನೆಯಲ್ಲಿ ಚರ್ಚ್ ನಡೆಸಿದ್ದೇ ಭದ್ರತೆಗೆ ಧಕ್ಕೆ. 2018ರಲ್ಲಿ ಮತ್ತೆ ಒಳಗೆ ಹೋದವರು ಹೊರಗೆ ಬಂದಿದ್ದು 2023ರಲ್ಲಿ.

ಆಫ್ರಿಕಾದ ಎರಿಟ್ರಿಯಾದಲ್ಲಿ ಈ ನಾಟಕವೂ ಇಲ್ಲ. 2002ರಲ್ಲಿ ಆರ್ಥಡಾಕ್ಸ್, ಕ್ಯಾಥೊಲಿಕ್, ಲೂಥರನ್, ಇಸ್ಲಾಂ, ಇಷ್ಟು ಬಿಟ್ಟು ಬೇರೆ ಯಾವುದೂ ನಡೆಯಬಾರದು ಅಂದರು. 2004ರಲ್ಲಿ ಹಿಡಿದ ಪಾಸ್ಟರ್‌ಗಳಲ್ಲಿ ಕೆಲವರಿಗೆ 20 ವರ್ಷ ದಾಟಿದರೂ ಚಾರ್ಜ್‌ಶೀಟ್ ಇಲ್ಲ, ವಾಯಿದೆ ಇಲ್ಲ. ಸರಕು ಸಾಗಿಸುವ ಕಬ್ಬಿಣದ ಕಂಟೇನರ್‌ಗಳಲ್ಲಿ ಕೈದಿಗಳನ್ನು ತುಂಬುವ ದೇಶ ಅದು. ನಮ್ಮ ಬೇಸಿಗೆಯಲ್ಲಿ ಹೊರಗೆ ನಿಲ್ಲಿಸಿದ ಲಾರಿಯ ಬಾಗಿಲು ಮುಟ್ಟಿ ನೋಡಿದವರಿಗೆ ಅದು ಏನು ಅಂತ ಗೊತ್ತಾಗುತ್ತದೆ.

ಇದೆಲ್ಲ ಹೇಳಿದರೆ ನಮ್ಮ ಹುಡುಗನೂ ಅಯ್ಯೋ ಅಂತಾನೆ. ಇಲ್ಲಿಂದ ಎಷ್ಟು ದೂರವೋ ಅಷ್ಟು ಕರುಣೆ. ಮಂಡ್ಯ ಜಿಲ್ಲೆಯ ಗಡಿ ದಾಟಿ ಒಳಗೆ ಬಂದರೆ ಕರುಣೆ ಖಾಲಿ.

ಬರೀ ಅವನನ್ನೇ ಬೈದರೆ ಅನ್ಯಾಯ. ನನ್ನ ಪ್ರಗತಿಪರ ಗೆಳತಿಯರು ಇದ್ದಾರಲ್ಲ, ಮೈಸೂರಿನ ಕುಕ್ಕರಹಳ್ಳಿ ಕೆರೆ ವಾಕಿಂಗ್ ಗ್ಯಾಂಗ್, ಅವರದ್ದು ಉಲ್ಟಾ. ಇಲ್ಲಿ ಪ್ರಾರ್ಥನೆಗೆ ಅಡ್ಡಿ ಮಾಡಿದರೆ ಅರ್ಧ ಗಂಟೆಯಲ್ಲಿ ಪೋಸ್ಟು. ಚೀನಾ ಅಂದರೆ "ಅದು ಅಮೆರಿಕದವರ ಪ್ರಚಾರ ಇರಬಹುದು ಬಿಡೆ". ಬಿಟ್ಟೆ.

ಈಗ ಬರುತ್ತೆ ನೋಡಿ ಕಾಮೆಂಟು: "ಆಮಿಷ ಒಡ್ಡಿ ಮತಾಂತರ ಮಾಡ್ತಾರಲ್ಲ ಮೇಡಂ, ಅದಕ್ಕೇನಂತೀರಿ?" ಅಂತ. ಮಾಡುವವರು ಇರಬಹುದು. ನನಗೂ ಅಂಥವರ ಮೇಲೆ ಪ್ರೀತಿಯೇನಿಲ್ಲ. ಯಾರಿಗೂ ಹೇಳಿರಲಿಲ್ಲ, ಈಗ ಹೇಳುತ್ತೇನೆ. ನಮ್ಮೆಜಮಾನರು ಐಸಿಯುನಲ್ಲಿದ್ದಾಗ ಇಬ್ಬರು ಹೆಂಗಸರು ಗೇಟಿನ ಹತ್ತಿರ ಬಂದು, ಕರಪತ್ರ ಕೈಗಿಟ್ಟು, "ನಂಬಿದರೆ ವಾಸಿಯಾಗ್ತಾರಮ್ಮ" ಅಂದರು. ನನಗೆ ಎಲ್ಲಿತ್ತೋ ಕೋಪ. ಬೀದಿಗೆಲ್ಲ ಕೇಳಿಸುವ ಹಾಗೆ ಬೈದೆ. ಅವರು ತಲೆ ತಗ್ಗಿಸಿ ಹೋದರು. ನಮ್ಮೆಜಮಾನರು ಉಳಿಯಲಿಲ್ಲ, ಅದು ನಿಮಗೆ ಗೊತ್ತು. ಆ ಕರಪತ್ರ ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ. ಆದರೆ ಅವರಿಗೆ ಸಿಗಬೇಕಾದ್ದು ಬೈಗುಳ. ಸಿಕ್ಕಿತು. ಅದಕ್ಕೆ ಜಾಮೀನಿಲ್ಲದ ಕೇಸು ಯಾಕೆ?

ನಮ್ಮ ರಾಜ್ಯದ 2022ರ ಮತಾಂತರ ತಡೆ ಕಾಯ್ದೆಯನ್ನು ಎಷ್ಟು ಜನ ಓದಿದ್ದೀರಿ? ಮೋಸ, ಒತ್ತಾಯ ಅಂತಷ್ಟೇ ಇದ್ದಿದ್ದರೆ ನಾನು ಸುಮ್ನೆ ಇರುತ್ತಿದ್ದೆ. ಆಮಿಷದ ಪಟ್ಟಿಯಲ್ಲಿ ಧರ್ಮಸಂಸ್ಥೆಯ ಒಳ್ಳೇ ಶಾಲೆಯಲ್ಲಿ ಉಚಿತ ಓದು ಇದೆ, ಒಳ್ಳೇ ಜೀವನದ ಮಾತು ಇದೆ, ದೇವರು ಮುನಿಯುತ್ತಾನೆ ಅನ್ನುವುದೂ ಇದೆ! ಹರಕೆ ತೀರಿಸದಿದ್ದರೆ ಮಾರಮ್ಮ ಸುಮ್ನೆ ಬಿಡಲ್ಲ ಅಂತ ನಮ್ಮತ್ತೆ ಜೀವನಪೂರ್ತಿ ಹೆದರಿಸಿದರಲ್ಲ, ಪುಣ್ಯಕ್ಕೆ ಅವರು ಯಾರನ್ನೂ ಮತಾಂತರ ಮಾಡಲಿಲ್ಲ. ಶಿಕ್ಷೆ 3ರಿಂದ 5 ವರ್ಷ. ಮತಾಂತರವಾದವರು ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರಾದರೆ 10 ವರ್ಷದವರೆಗೆ. ತಪ್ಪು ಮಾಡಿಲ್ಲ ಅಂತ ಆರೋಪಿಯೇ ಸಾಬೀತು ಮಾಡಬೇಕು. ಹಿಂದಿನ ಧರ್ಮಕ್ಕೆ ವಾಪಸ್ ಬಂದರೆ ಮಾತ್ರ ಅದು ಮತಾಂತರವೇ ಅಲ್ಲ.

ಕೋರ್ಟ್ ಇದೆಯಲ್ಲ, ನಿರಪರಾಧಿ ಆದರೆ ಬಿಡುಗಡೆ ಆಗ್ತಾನೆ ಬಿಡಿ ಅನ್ನುತ್ತೀರಿ. ನಾನೂ ಅಲ್ಲೇ ಕೂತಿದ್ದವಳು ಸ್ವಾಮಿ. ಜಾಮೀನು ಸಿಕ್ಕ ಮೇಲೂ ಶ್ಯೂರಿಟಿಗೆ ಜನ ಹುಡುಕಬೇಕು. ಪಹಣಿ ಇರುವ ನೆಂಟ ಬೇಕು. ಅವನು ಬೆಳಿಗ್ಗೆ ಬರ್ತೀನಿ ಅಂದು ಮಧ್ಯಾಹ್ನ ಫೋನ್ ಎತ್ತಲ್ಲ. ಹೆಂಡತಿ ಕಾರಿಡಾರಿನಲ್ಲಿ ನಿಂತು, ಹಾದುಹೋಗುವ ಪ್ರತಿ ಕರಿಕೋಟನ್ನೂ "ಸಾರ್, ಇವತ್ತೇ ಬಿಡ್ತಾರಾ?" ಅಂತ ಕೇಳುತ್ತಾಳೆ. ಕೇಸು ಬಿದ್ದುಹೋಗುವುದು ಆಮೇಲಿನ ಮಾತು.

ಉತ್ತರ ಪ್ರದೇಶದ ಅಂಬೇಡ್ಕರ್ ನಗರದಲ್ಲಿ ಪಾಸ್ಟರ್ ದಂಪತಿ ಮೇಲೆ ಕೇಸು ಹಾಕಿದರು. ಬೈಬಲ್ ಹಂಚುವುದು, ಮಕ್ಕಳಿಗೆ ಓದಿ ಅನ್ನುವುದು, ಕುಡೀಬೇಡಿ ಅಂತ ಬುದ್ಧಿ ಹೇಳುವುದು ಆಮಿಷ ಅಲ್ಲ ಅಂತ 2023ರಲ್ಲಿ ಅಲಹಾಬಾದ್ ಹೈಕೋರ್ಟ್ ಜಾಮೀನು ಕೊಟ್ಟಿತು. 2025ರ ಜನವರಿಯಲ್ಲಿ ಕೆಳಗಿನ ಕೋರ್ಟು ಇಬ್ಬರಿಗೂ 5 ವರ್ಷ ಹಾಕಿತು. ಗಂಡನಿಗೆ ಮಾತ್ರ ಅಲ್ಲ, ಹೆಂಡತಿಗೂ. ಇದನ್ನು ನಮ್ಮ ಹುಡುಗ ವಿಡಿಯೊದಲ್ಲಿ ನೋಡಿರಲ್ಲ, ಯಾಕೆಂದರೆ ಇದು ಚೀನಾ ಅಲ್ಲ.

ಇನ್ನು ನಮ್ಮ ಸರ್ಕಾರದ ಕಥೆ. ಈ ಕಾಯ್ದೆ ವಾಪಸ್ ತಗೋತೀವಿ ಅಂತ ಸಂಪುಟ ತೀರ್ಮಾನ ಮಾಡಿದ್ದು 2023ರ ಜೂನ್‌ನಲ್ಲಿ. ಅವತ್ತು ನನ್ನ ಗೆಳತಿಯರು ಸ್ವೀಟ್ ಹಂಚಿದರು, ನಾನೂ ತಿಂದೆ. 2025ರ ಜುಲೈನಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಎಫ್‌ಐಆರ್ ರದ್ದು ಮಾಡಿತು. ಜಮಖಂಡಿಯ ದೇವಸ್ಥಾನದ ಹತ್ತಿರ ತಮ್ಮ ಧರ್ಮದ ಕರಪತ್ರ ಹಂಚಿದರು ಅಂತ ಕೇಸು. ಮತಾಂತರ ಮಾಡದೆ ಬರೀ ಪ್ರಚಾರ ಮಾಡಿದರೆ ಅಪರಾಧ ಅಲ್ಲ, ಸಂಬಂಧವಿಲ್ಲದವರು ದೂರು ಕೊಡೋ ಹಾಗೂ ಇಲ್ಲ ಅಂತ ಕೋರ್ಟ್ ಹೇಳಿತು. ಸಿಕ್ಕಿಕೊಂಡವರು ಪಾಸ್ಟರ್‌ಗಳಲ್ಲ, ಮುಸ್ಲಿಮರು. ಹಾಕಿದ್ದು ಅದೇ 2022ರ ಕಾಯ್ದೆ, ವಾಪಸ್ ತಗೋತೀವಿ ಅಂದಿದ್ದರಲ್ಲ, ಅದೇ.